ಕೆಂಪು ಚೀಟಿಯ ಗಿಡಗಳು

ಹುಳ ತೂಗುವಾಗ ತಂಗಿ ಉಸಿರು ಬಿಗಿ ಹಿಡಿಯುತ್ತಾಳೆ. ಅದನ್ನು ಕಲಿಸಿಕೊಟ್ಟವಳು ಅಕ್ಕನಾದ ತಾನೇ ಎಂಬುದು ಈ ಹೊತ್ತಿನಲ್ಲಿ ಅವಳಿಗೆ ಬೇಡದ ನೆನಪಾಗಿ ಬಂತು. ತೂಕದ ಯಂತ್ರದ ಗಾಜಿನ ಬಾಗಿಲು ಮುಚ್ಚುವ ಮುಂಚೆ ಉಸಿರು ಬಿಟ್ಟರೆ ಅಂಕಿ ನಡುಗುತ್ತದೆ, ಹುಳ ಎಷ್ಟು ಚಿಕ್ಕದೋ ಅಷ್ಟು ಹೆಚ್ಚು ನಡುಗುತ್ತದೆ, ಆದ್ದರಿಂದ ಹುಳವನ್ನು ಇಟ್ಟು, ಬಾಗಿಲು ಮುಚ್ಚಿ, ಆಮೇಲೆ ಉಸಿರಾಡು ಎಂದು ಇದೇ ಮೇಜಿನ ಮುಂದೆ ಅವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದಳು. ಈಗ ತಂಗಿ ಅದನ್ನು ಎಷ್ಟು ಸಲೀಸಾಗಿ ಮಾಡುತ್ತಿದ್ದಳೆಂದರೆ ಅದು ಯಾರೋ ಕಲಿಸಿದ್ದು ಅನ್ನಿಸುತ್ತಲೇ ಇರಲಿಲ್ಲ, ಹುಟ್ಟಿದಾಗಿನಿಂದ ಅವಳ ಮೈಯಲ್ಲೇ ಇದ್ದದ್ದು ಅನ್ನಿಸುತ್ತಿತ್ತು. ಬಿಳಿ ಚೀಟಿ ಚುಚ್ಚಿದ್ದ ಟೊಮೆಟೊ ಗಿಡಗಳಿಂದ ಇಳಿಸಿದ ಹುಳಗಳು ಒಂದು ಡಬ್ಬಿಯಲ್ಲಿ ದಪ್ಪಗೆ, ಮೋಟು ಪೆನ್ಸಿಲ್ಲಿನ ಹಾಗೆ, ಒಂದರ ಮೇಲೊಂದು ಸೋಮಾರಿಯಾಗಿ ಹೊರಳುತ್ತಿದ್ದವು. ಕೆಂಪು ಚೀಟಿಯ ಗಿಡಗಳಿಂದ ಇಳಿಸಿದವು ಇನ್ನೊಂದು ಡಬ್ಬಿಯಲ್ಲಿ. ಅವುಗಳನ್ನು ಹುಳಗಳೆಂದು ಹೇಳಲು ಸ್ವಲ್ಪ ಬಾಗಿ ನೋಡಬೇಕಿತ್ತು. ಅಕ್ಕಿಕಾಳಿನಷ್ಟಿದ್ದ ಅವು ಗೋಡೆಗೆ ಅಂಟಿಕೊಂಡು ಸುಮ್ಮನಿದ್ದವು. ಒಂದೇ ದಿನ ಮೊಟ್ಟೆಯೊಡೆದು ಬಂದ ಅಣ್ಣತಮ್ಮಂದಿರು. ಒಬ್ಬರಿಗೆ ಸಿಕ್ಕಿದ್ದು, ಇನ್ನೊಬ್ಬರಿಗೆ ಸಿಗಲಿಲ್ಲ.

"ಅಕ್ಕಾ, ನೋಡೇ ಇಲ್ಲಿ," ಎಂದಳು ತಂಗಿ.

ನೋಡಿದೆ ಎಂದಳು. ಚೆನ್ನಾಗಿದೆ ಎಂದೂ ಹೇಳಿದಳು. ಹೇಳಿದ ಮೇಲೆ ತನ್ನ ಮುಖ ಹೇಗಿದ್ದಿರಬಹುದು ಎಂದು ಯಂತ್ರದ ಗಾಜಿನಲ್ಲಿ ಹುಡುಕಿದಳು. ಗಾಜಿನಲ್ಲಿ ತಂಗಿಯ ಕೈ ಮಾತ್ರ ಕಾಣಿಸುತ್ತಿತ್ತು.

ಬಾಗಿಲಲ್ಲಿ ಹುಳದಪ್ಪ ನಿಂತಿದ್ದ. ಕೀಟದ ಕೋಣೆ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿಗೆ ಆ ಹೆಸರನ್ನು ಯಾರು ಯಾವಾಗ ಇಟ್ಟರೋ, ಈಗ ಅವನೇ ಫೋನಿನಲ್ಲಿ ಹಾಗೆ ಹೇಳಿಕೊಳ್ಳುತ್ತಿದ್ದ. ಮೊಟ್ಟೆಯಿಂದ ಚಿಟ್ಟೆಯವರೆಗೆ ಆ ಹುಳಗಳನ್ನು ಸಾಕುವುದು ಅವನ ಕೆಲಸ. ತಾನು ಸಾಕಿದ್ದನ್ನು ಇವರ ಗಿಡಗಳ ಮೇಲೆ ಬಿಡುವಾಗ ಪ್ರತಿ ಸಲವೂ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮುಖ ಮಾಡುತ್ತಿದ್ದ. ಎರಡು ಡಬ್ಬಿಗಳನ್ನೂ ನೋಡಿ ತಲೆಯಾಡಿಸಿದ. "ಅಲ್ಲಮ್ಮಾ, ಊಟಕ್ಕೆ ಕರೆದು ನನ್ನ ಮಕ್ಕಳನ್ನ ಹೀಗೆ ಉಪವಾಸ ಕೆಡವಿದೀಯಲ್ಲ. ನಿಮ್ಮನೇಲಿ ಬಂದವರಿಗೆಲ್ಲ ಹೀಗೇ ಬಡಿಸ್ತೀರಾ?" ಎಂದ. ತಂಗಿ ನಕ್ಕಳು. ಬಡಿಸೋದು ಅಕ್ಕ, ನಾನಲ್ಲ ಎಂದಳು. ಆ ಮಾತಿಗೆ ಮೂವರೂ ನಕ್ಕರು. ತನ್ನ ನಗು ಉಳಿದವರಿಗಿಂತ ಸ್ವಲ್ಪ ಹೊತ್ತು ಹೆಚ್ಚಿಗೆ ಉಳಿಯಿತೆಂದು ಅವಳಿಗೆ ಅನ್ನಿಸಿ, ನಗುವನ್ನು ಕತ್ತರಿಸಿದಂತೆ ನಿಲ್ಲಿಸಿದಳು.

ಈ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ತಂಗಿ ಬರುವ ಮುಂಚೆ ಹಾಗಿರಲಿಲ್ಲ. ಆಗ ಅವಳಿಗೆ ಹೆಸರಿತ್ತು, ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸುವವರಿದ್ದರು. ತಂಗಿ ಬಂದ ಮೊದಲ ವಾರದಲ್ಲೇ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅಕ್ಕಾ ಎಂದು ಕೂಗಿದ್ದೇ ಕೂಗಿದ್ದು, ಹುಳದಪ್ಪನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ಅದು ಬಾಯಿಗೆ ಹತ್ತಿಬಿಟ್ಟಿತು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮುಖ್ಯಸ್ಥರು ಒಮ್ಮೆ ಸಭೆಯಲ್ಲಿ "ಅಕ್ಕನವರ ಅಭಿಪ್ರಾಯ ಏನೋ" ಎಂದು ಕೇಳಿ, ಎಲ್ಲರೂ ನಕ್ಕು, ಅವಳೂ ನಕ್ಕಿದ್ದಳು. ಪ್ರೀತಿಯಿಂದಲೇ ಕರೆಯುತ್ತಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಒಬ್ಬಳ ಅಕ್ಕ ಎಂದರೆ ಆ ಒಬ್ಬಳು ಇದ್ದರೆ ಮಾತ್ರ ಇರುವವಳು. ತಂಗಿ ರಜೆ ಹಾಕಿದ ದಿನ ಕಾರಿಡಾರಿನಲ್ಲಿ ನಡೆಯುವಾಗ ತಾನು ಅರ್ಧ ಹೇಳಿ ಬಿಟ್ಟ ಮಾತಿನ ಹಾಗಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ತಂಗಿಯ ಪ್ರಯೋಗ ಸರಳವಾಗಿತ್ತು, ಅದೇ ಅದರ ಚೆಲುವು. ಮಣ್ಣಿನಲ್ಲಿ ಬೇರಿನ ಅಂಚಿಗೆ ಸುಮ್ಮನೆ ಬಾಳಿಕೊಂಡಿರುವ ಒಂದು ಬ್ಯಾಕ್ಟೀರಿಯಾ. ಕೆಂಪು ಚೀಟಿಯ ಕುಂಡಗಳಿಗೆ ಅದನ್ನು ಹಾಕಿದ್ದಳು, ಬಿಳಿ ಚೀಟಿಯವಕ್ಕೆ ಇಲ್ಲ. ಅದು ಗಿಡಕ್ಕೆ ರೋಗ ತರುವುದಿಲ್ಲ, ಬೇರಿಗೆ ತನ್ನ ಇರವು ತಿಳಿಸುತ್ತದೆ ಅಷ್ಟೆ. ಅಷ್ಟಕ್ಕೇ ಗಿಡ ಎಲ್ಲೋ ಒಳಗೆ ಎಚ್ಚರವಾಗಿ, ಮೇಲೆ ಎಲೆಗೆ ಹುಳ ಬಾಯಿ ಹಾಕಿದ ತಕ್ಷಣ, ಬೇರೆ ಗಿಡಗಳಿಗಿಂತ ಬೇಗ, ತನ್ನ ರಸವನ್ನು ಬದಲಿಸಿಕೊಳ್ಳುತ್ತದೆ. ಹುಳಕ್ಕೆ ತಿಂದದ್ದು ಅರಗುವುದಿಲ್ಲ. ಅದು ತಿನ್ನುತ್ತಲೇ ಇರುತ್ತದೆ, ಹೊಟ್ಟೆ ತುಂಬುತ್ತಲೇ ಇರುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ. ಈ ಬ್ಯಾಕ್ಟೀರಿಯಾ ತಂಗಿಗೆ ಸಿಕ್ಕಿದ್ದು ಅಕ್ಕ ಎಸೆಯಲೆಂದು ತೆಗೆದಿಟ್ಟಿದ್ದ ಗಾಜಿನ ತಟ್ಟೆಯೊಂದರಲ್ಲಿ. ಅವಳು ಹುಡುಕುತ್ತಿದ್ದದ್ದು ಸೊರಗು ರೋಗದ ಬ್ಯಾಕ್ಟೀರಿಯಾವನ್ನು, ಬೇರಿನಿಂದ ಹತ್ತಿ ನೀರಿನ ನಾಳಗಳನ್ನು ಕಟ್ಟಿಹಾಕಿ ಹಸಿರಾಗಿರುವಾಗಲೇ ಗಿಡವನ್ನು ಕೊಲ್ಲುವಂಥದ್ದನ್ನು. ನಡುವೆ ಬಂದ ಈ ಸಾಧು ಪ್ರಾಣಿ ಅವಳಿಗೆ ಕಸವಾಗಿತ್ತು. ತಗೊಳ್ಳಲಾ ಎಂದು ತಂಗಿ ಕೇಳಿದಾಗ ಬೇಕಾದ್ರೆ ತಗೋ ಎಂದಿದ್ದಳು. ಎಷ್ಟು ಉದಾರವಾಗಿ ಹೇಳಿದ್ದಳು. ಹಾಗೆ ಹೇಳಿದಾಗಿನ ತನ್ನ ದನಿ ಅವಳಿಗೆ ಈಗಲೂ ಕೇಳಿಸುತ್ತಿತ್ತು, ಮತ್ತು ಪ್ರತಿ ಸಲ ಕೇಳಿಸಿದಾಗಲೂ ಆ ದನಿಯ ಬಾಯಿ ಮುಚ್ಚಬೇಕೆನ್ನಿಸುತ್ತಿತ್ತು.

ಅವಳ ಸ್ವಂತದ ಕೆಲಸ ಇದಕ್ಕಿಂತ ಹಳೆಯದು, ಕಷ್ಟದ್ದು, ಯಾರಿಗೂ ಬೇಡದ್ದು. ಕೆಳಗಿನಿಂದ ರೋಗ ಹತ್ತುವಾಗ ಗಿಡ ಅದರ ವಿರುದ್ಧ ಎದ್ದು ನಿಂತರೆ ಮೇಲೆ ಹುಳಕ್ಕೆ ಬಾಗಿಲು ತೆರೆದಂತಾಗುತ್ತದೆ, ಹುಳದ ವಿರುದ್ಧ ಎದ್ದರೆ ರೋಗಕ್ಕೆ. ಗಿಡಕ್ಕೆ ಇಬ್ಬರನ್ನು ಒಟ್ಟಿಗೆ ದ್ವೇಷಿಸುವ ಶಕ್ತಿಯಿಲ್ಲ. ಅವಳು ಅದನ್ನು ವರ್ಷಗಟ್ಟಲೆ ಅಳೆದು ತೋರಿಸಿದ್ದಳು. ಮುಖ್ಯಸ್ಥರು ಕೇಳಿ, ಸರಿ, ಆದರೆ ಇದರಿಂದ ಯಾರಿಗೆ ಏನು ಮಾಡಲು ಹೇಳೋಣ ಎಂದಿದ್ದರು. ಸಂಸ್ಥೆಯ ಹಿಂಭಾಗದಲ್ಲಿ ಬೇಲಿ ಹಾಕಿದ ಒಂದು ಹೊಲವಿತ್ತು. ಗಾಜಿನ ಮನೆಯಲ್ಲಿ ಗೆದ್ದ ಪ್ರಯೋಗವನ್ನು ಬಯಲಿನಲ್ಲಿ ಪರೀಕ್ಷಿಸಲು ಪ್ರತಿ ಹಂಗಾಮಿಗೆ ಒಬ್ಬರಿಗೆ ಅದನ್ನು ಕೊಡುತ್ತಿದ್ದರು. ಅವಳು ಕಾಯುತ್ತಲೇ ಇದ್ದಳು. ಇಂದು ಮಧ್ಯಾಹ್ನದ ಸಭೆಯಲ್ಲಿ ಅದು ತಂಗಿಗೆ ಹೋಗುತ್ತದೆಂದು ಚಹಾ ಮಾಡುವವನಿಗೂ ಗೊತ್ತಿತ್ತು.

ತೂಗುವುದು ಮುಗಿಯುತ್ತ ಬಂದಾಗ ತಂಗಿ ಹುಬ್ಬು ಗಂಟಿಕ್ಕಿದಳು. ಬೇರೆಯಾಗಿ ಇಟ್ಟಿದ್ದ, ಕೆಂಪು ಚೀಟಿಯದೇ ಮೂಲೆಯ ಕುಂಡಗಳಿಂದ ಬಂದ ಹುಳಗಳು ದಪ್ಪಗಿದ್ದವು, ಬಿಳಿ ಚೀಟಿಯವುಗಳಷ್ಟೇ ದಪ್ಪ. ಗಾಜಿನ ಮನೆಯ ಆ ಮೂಲೆಯಲ್ಲಿ ನೀರಿನ ದಪ್ಪ ಕೊಳವೆ ಅಡ್ಡ ಹಾದು ಮೇಜು ಗೋಡೆಗೆ ಸಿಕ್ಕಿಕೊಂಡಿತ್ತು. ಅಲ್ಲಿ ನೀರು ಹಾಕಲೂ ಉದ್ದ ನಳಿಗೆ ಬೇಕು. ಬಹುಶಃ ಆ ಕುಂಡಗಳಿಗೆ ಬ್ಯಾಕ್ಟೀರಿಯಾ ಹಿಡಿದಿಲ್ಲ ಎಂದಳು ತಂಗಿ. ಹೇಗೂ ಎಲ್ಲ ಕುಂಡಗಳ ಮಣ್ಣನ್ನೂ ಎರಡು ದಿನ ಮುಂಚೆಯೇ ತಟ್ಟೆಗಳಲ್ಲಿ ಹಾಕಿ ಬೆಳೆಯಲು ಬಿಟ್ಟಿದ್ದಳಂತೆ. ಇವತ್ತು ನೋಡಬೇಕಿತ್ತು, ತನಗೆ ಸಭೆಗೆ ಚಿತ್ರಗಳನ್ನು ಜೋಡಿಸಬೇಕು, ಅಕ್ಕ ಒಮ್ಮೆ ನೋಡಿ ಹೇಳಿದರೆ ಆಯಿತು. ಬ್ಯಾಕ್ಟೀರಿಯಾ ಎಂದರೆ ನೀನೇ ಅಲ್ವಾ ಎಂದು ಅವಳ ತೋಳು ಹಿಡಿದು ಅಲುಗಿಸಿದಳು. ಚಿಕ್ಕಂದಿನಲ್ಲೂ ಹೀಗೇ ತೋಳು ಹಿಡಿದು ಅಲುಗಿಸಿ ಕೇಳುತ್ತಿದ್ದಳು, ಪೆನ್ಸಿಲ್ಲು, ಕಿಟಕಿ ಪಕ್ಕದ ಜಾಗ, ಅಮ್ಮನ ಪಕ್ಕದ ಜಾಗ. ಕೇಳಿದ ಮೇಲೆ ಕೊಡದೆ ಇರಲು ಸಾಧ್ಯವಿರಲಿಲ್ಲ. ಕೊಟ್ಟ ಮೇಲೆ ತಾನು ಕೊಟ್ಟೆ ಎಂದು ಯಾರಿಗೂ ನೆನಪಿರುತ್ತಿರಲಿಲ್ಲ. ತಂಗಿಗೆ ಆಗಾಗ ಜ್ವರ ಬರುತ್ತಿತ್ತು. ಅಮ್ಮ ಕತ್ತಲೆಯಲ್ಲಿ ಬಂದು ಹಾಸಿಗೆಯ ಈ ಬದಿಯಲ್ಲಿ ನಿಂತು, ಇವಳ ಮೇಲಿಂದ ಕೈ ಚಾಚಿ ಆ ಬದಿಯ ಹಣೆಯನ್ನು ಮುಟ್ಟುತ್ತಿದ್ದಳು. ತನ್ನ ಮುಖದ ಮೇಲೆ ಹಾದುಹೋಗುವ ಆ ತೋಳಿನ ಒಳಭಾಗ, ಸಾಬೂನಿನ ವಾಸನೆ, ಬೆಚ್ಚಗಿನ ಗಾಳಿ. ಒಮ್ಮೆ ಅವಳು ತನಗೂ ಮೈ ಸುಡುತ್ತಿದೆ ಎಂದಳು. ಅಮ್ಮ ನಕ್ಕು, "ನಿನಗೇನೇ, ಕಲ್ಲು ತಿಂದ್ರೂ ಅರಗಿಸ್ಕೊಳ್ಳೋ ಜೀವ," ಎಂದು ದೀಪ ಆರಿಸಿದಳು. ಹೊಗಳಿದ್ದೇ ಇರಬೇಕು. ಹೊಗಳಿಕೆಯನ್ನು ಹೊದ್ದುಕೊಂಡು ಮಲಗಿದ್ದಳು, ಅದರಲ್ಲಿ ಬೆಚ್ಚಗಾಗಲಿಲ್ಲ.

ತಟ್ಟೆಗಳು ಬೆಚ್ಚಗಿನ ಪೆಟ್ಟಿಗೆಯಲ್ಲಿ ಸಾಲಾಗಿದ್ದವು. ಮೊದಲು ಮೂಲೆಯ ಕುಂಡಗಳವನ್ನೇ ತೆಗೆದು ಬೆಳಕಿಗೆ ಹಿಡಿದಳು. ಕೆನೆಬಣ್ಣದ ಚುಕ್ಕೆಗಳು ತಟ್ಟೆಯ ತುಂಬ, ದಟ್ಟವಾಗಿ, ಒಂದಕ್ಕೊಂದು ತಾಗಿಕೊಂಡು. ಉಳಿದ ಕೆಂಪು ಚೀಟಿಯ ತಟ್ಟೆಗಳನ್ನು ಪಕ್ಕದಲ್ಲಿಟ್ಟು ನೋಡಿದಳು. ವ್ಯತ್ಯಾಸವಿರಲಿಲ್ಲ. ಮೂಲೆಯ ಕುಂಡಗಳಲ್ಲಿ ಬ್ಯಾಕ್ಟೀರಿಯಾ ಹಿಡಿದಿತ್ತು, ಚೆನ್ನಾಗಿಯೇ ಹಿಡಿದಿತ್ತು, ಆದರೂ ಅಲ್ಲಿ ಹುಳ ಉಂಡು ಕೊಬ್ಬಿತ್ತು. ಅಂದರೆ ಬ್ಯಾಕ್ಟೀರಿಯಾ ಏನನ್ನೂ ಮಾಡಿರಲಿಲ್ಲ. ಹಾಗಾದರೆ ಉಳಿದ ಗಿಡಗಳಲ್ಲಿ ಹುಳವನ್ನು ಸೊರಗಿಸಿದ್ದು ಏನು? ಮೂಲೆಯ ಗಿಡಕ್ಕೂ ಉಳಿದ ಗಿಡಕ್ಕೂ ಇರುವ ಅಂತರ ಇಷ್ಟೇ, ಅಲ್ಲಿಗೆ ಕೈ ತಲುಪುವುದಿಲ್ಲ. ತಟ್ಟೆಯನ್ನು ಹಿಡಿದಿದ್ದ ಬೆರಳುಗಳನ್ನು ನೋಡಿಕೊಂಡಳು. ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಟೊಮೆಟೊ ಎಲೆಯ ಹಳದಿ ಹಸಿರು ಕಲೆಗಟ್ಟಿ ಕೂತಿತ್ತು.

ಎಲ್ಲರಿಗಿಂತ ಮುಂಚೆ ಬಂದು ಗಾಜಿನ ಮನೆಯ ಬೀಗ ತೆಗೆಯುವುದು ಅವಳ ಹಳೆಯ ಅಭ್ಯಾಸ. ಬೆಳಗಿನ ಬೆಳಕು ಗಾಜಿನ ಹನಿಗಳ ಮೇಲೆ ನಿಂತಿರುವಾಗ ತನ್ನ ಸೊರಗಿದ ಗಿಡಗಳನ್ನು ಒಮ್ಮೆ ನೋಡಿ, ಆಮೇಲೆ ಕಾಲು ತಾನಾಗಿ ತಂಗಿಯ ಮೇಜುಗಳ ಕಡೆಗೆ ಹೋಗುತ್ತಿತ್ತು. ಒಂದರ ನೀರು ಇನ್ನೊಂದಕ್ಕೆ ಹರಿಯದಿರಲೆಂದು ಕೆಂಪು ಚೀಟಿಯವು ಒಂದು ಕಡೆ, ಬಿಳಿ ಚೀಟಿಯವು ಒಂದು ಕಡೆ ಇದ್ದವು. ಅವಳು ಕೆಂಪು ಚೀಟಿಯವುಗಳ ಹತ್ತಿರ ಮಾತ್ರ ನಿಲ್ಲುತ್ತಿದ್ದಳು. ಎಲೆಯನ್ನು ಬೆರಳುಗಳ ನಡುವೆ ಹಿಡಿದು ಮಗುಚಿ ಹಿಂಭಾಗ ನೋಡುತ್ತಿದ್ದಳು, ಉಜ್ಜಿ ಮೂಸುತ್ತಿದ್ದಳು, ಮುಂದಿನ ಗಿಡ, ಅದರ ಮುಂದಿನದು. ಏನನ್ನು ಹುಡುಕುತ್ತಿದ್ದಳು? ಒಂದು ಹಳದಿ ಚುಕ್ಕೆ, ಒಂದು ಮುದುಡು, ಇದು ಕೆಟ್ಟಿತು ಎಂದು ಹೇಳುವ ಒಂದು ಗುರುತು. ಬಾಗಿಲ ಮೇಲೆ ಎಲೆ ಮುಟ್ಟಬೇಡಿ ಎಂದು ಬರೆದು ಅಂಟಿಸಿದವಳು ಅವಳೇ. ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ನಿಂತು ಹೇಳುತ್ತಿದ್ದಳು, ಎಲೆಯನ್ನು ಸವರಿದರೆ ಗಿಡ ಹುಳ ನಡೆಯಿತೆಂದು ತಿಳಿಯುತ್ತದೆ, ರಸ ಬದಲಿಸಿಕೊಳ್ಳುತ್ತದೆ, ಆಮೇಲೆ ನಿಮ್ಮ ಪ್ರಯೋಗ ನಿಮ್ಮ ಬೆರಳಿನ ಪ್ರಯೋಗವಾಗುತ್ತದೆ ಎಂದು. ಆದರೂ ಆ ಬೆಳಗುಗಳಲ್ಲಿ ಒಮ್ಮೆಯೂ ತಾನು ಮುಟ್ಟುತ್ತಿದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ. ನೋಡುತ್ತಿದ್ದೇನೆ ಎಂದುಕೊಂಡಿದ್ದಳು. ಹೊಟ್ಟೆಕಿಚ್ಚಿಗೆ ಬೆರಳುಗಳಿವೆ ಎಂದು ಯಾರು ತಾನೆ ಯೋಚಿಸುತ್ತಾರೆ.

ಮೊದಲು ಬಂದದ್ದು ನಾಚಿಕೆ ಎಂದು ಹೇಳಿಕೊಳ್ಳಲು ಅವಳಿಗೆ ಇಷ್ಟವಿತ್ತು, ಆದರೆ ಬಂದದ್ದು ಸಂತೋಷ. ಎದೆಯೊಳಗೆ ಯಾರೋ ಕಿಟಕಿ ತೆರೆದಂತೆ ತಣ್ಣಗೆ, ಹಗುರಾಗಿ. ತಂಗಿಯ ಬಳಿ ಏನೂ ಇರಲಿಲ್ಲ. ಆ ಸಾಧು ಬ್ಯಾಕ್ಟೀರಿಯಾ ಕಸವೇ ಆಗಿತ್ತು, ತಾನು ಎಸೆದದ್ದು ಸರಿಯಾಗಿಯೇ ಇತ್ತು. ಪೆಟ್ಟಿಗೆಯ ಬಾಗಿಲು ಹಿಡಿದುಕೊಂಡು ಒಬ್ಬಳೇ ಸಣ್ಣಗೆ ನಕ್ಕಳು. ಅದರ ಬೆನ್ನಿಗೇ ಇನ್ನೊಂದು ಬಂತು, ಇನ್ನೂ ವಿಚಿತ್ರವಾದದ್ದು. ಆ ಸೊರಗಿದ ಹುಳಗಳು, ಎಲ್ಲರೂ ಬಾಗಿ ನೋಡಿ ಬೆರಗಾದ ಆ ಅಕ್ಕಿಕಾಳುಗಳು, ಅವು ತನ್ನವು. ತನ್ನ ಕೈಯ ಕೆಲಸ. ತನಗೆ ಸಿಗಬೇಕಾದ ಬೆರಗು ಇನ್ನೊಬ್ಬಳ ಮಡಿಲಿಗೆ ಬೀಳುತ್ತಿತ್ತು, ಈ ಸಲವೂ. ಹೋಗಿ ಹೇಳಬೇಕು ಅನ್ನಿಸಿತು, ಮತ್ತು ಹೇಳಬೇಕು ಅನ್ನಿಸಿದ್ದು ಸತ್ಯಕ್ಕಾಗಿ ಅಲ್ಲ ಎಂದು ತಿಳಿದು ಹೆಜ್ಜೆ ನಿಂತಿತು. ಹೇಳಿದರೆ ತಂಗಿ ಇವತ್ತೇ ಬೀಳುತ್ತಾಳೆ, ಹೊಲ ತನಗೆ ಬರಬಹುದು, ಅದನ್ನು ಸತ್ಯ ಹೇಳಿದ್ದು ಎಂದು ಕರೆಯಬಹುದು. ಹೇಳದಿದ್ದರೆ ತಂಗಿ ಇಂದು ಮೇಲೇರುತ್ತಾಳೆ. ಬಯಲಿನಲ್ಲಿ ಯಾರೂ ಎಲೆ ಮುಟ್ಟುವುದಿಲ್ಲ, ಹುಳ ಬರುತ್ತದೆ, ಕೆಂಪು ಚೀಟಿಯೂ ಬಿಳಿ ಚೀಟಿಯೂ ಒಂದೇ ಸಮ ತೂತಾಗುತ್ತವೆ. ಬೇಲಿಯ ಸುತ್ತ ನಿಂತವರೆಲ್ಲರ ಎದುರಿಗೆ ಅವಳು ಇನ್ನೂ ಎತ್ತರದಿಂದ ಬೀಳುತ್ತಾಳೆ. ಅದಕ್ಕೆ ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಎತ್ತ ತಿರುಗಿದರೂ ಅದೇ ಮುಖ ಎದುರಾಗುತ್ತಿತ್ತು. ಆ ಎರಡರಲ್ಲಿ ಒಳ್ಳೆಯದು ಯಾವುದು ಎಂದಲ್ಲ, ಕಡಿಮೆ ಕೊಳಕು ಯಾವುದು ಎಂದು ಯೋಚಿಸುತ್ತ ತಟ್ಟೆಗಳನ್ನು ಒಂದೊಂದಾಗಿ ವಾಪಸು ಒಳಗಿಟ್ಟಳು.

ಅಷ್ಟರಲ್ಲಿ ಅಮ್ಮನ ಫೋನು ಬಂತು. ಮೂವರೂ ಒಂದೇ ಮನೆಯಲ್ಲಿದ್ದರು. ಸಂಸ್ಥೆಯಿಂದ ನಡೆದು ಹೋಗುವಷ್ಟು ದೂರದ ಬಾಡಿಗೆ ಮನೆ, ಎರಡು ಕೋಣೆ, ಅದರಲ್ಲಿ ಗಾಳಿ ಬರುವ ಕೋಣೆ ಅಮ್ಮನಿಗೂ ತಂಗಿಗೂ. ಅಮ್ಮ ಫೋನು ಮಾಡಿದ್ದು ತಂಗಿಗಾಗಿ. ಅವಳ ಫೋನು ಆಫ್ ಆಗಿದೆ, ಅದಕ್ಕೆ ನಿನಗೆ ಮಾಡಿದೆ ಎಂದಳು. ಬೆಳಿಗ್ಗೆ ಅವಸರದಲ್ಲಿ ಸರಿಯಾಗಿ ತಿನ್ನದೆ ಹೋಗಿದ್ದಾಳೆ, ಸಭೆಗೆ ಮುಂಚೆ ಏನಾದರೂ ತಿನ್ನು ಎಂದು ಹೇಳು, ಮಾತಾಡುವಾಗ ಕೈ ನಡುಗದಿರಲಿ. ಹೇಳ್ತೀನಿ ಎಂದಳು. ನಿನ್ನದೂ ಊಟ ಆಯ್ತಾ ಎಂದು ಅಮ್ಮ ಕೇಳುತ್ತಾಳೇನೋ ಎಂದು ತಾನು ಕಾಯುತ್ತಿರುವುದು ಗೊತ್ತಾಗಿ ಈ ವಯಸ್ಸಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಮ್ಮ ಕೇಳಲಿಲ್ಲ. ಬದಲಿಗೆ, "ಅವಳು ಹೇಳ್ತಿದ್ಲು. ನೀನು ದಿನಾ ಬೆಳಿಗ್ಗೆ ಬೇಗ ಹೋಗಿ ಅವಳ ಗಿಡಗಳನ್ನ ನೋಡ್ಕೋತೀಯಂತೆ. ಹೇಳಿದ್ರೆ ನಿನಗೆ ನಾಚಿಕೆ ಆಗತ್ತೆ ಅಂತ ಸುಮ್ನಿದ್ದಾಳಂತೆ," ಎಂದಳು. ಆಮೇಲೆ ತುಂಬ ಮೃದುವಾಗಿ, ಎಂದೂ ಕೇಳದ ದನಿಯಲ್ಲಿ, "ನೀನಿದ್ದೀಯಲ್ಲ, ಅದೇ ನನಗೆ ಧೈರ್ಯ," ಎಂದಳು.

ಫೋನು ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕಪಾಟಿಗೆ ಹಣೆ ಆನಿಸಿ ನಿಂತಳು. ಜೀವಮಾನವಿಡೀ ಕಾದಿದ್ದ ಆ ಮೃದು ದನಿ ಬಂದೇ ಬಂದಿತ್ತು, ತಪ್ಪು ವಿಳಾಸಕ್ಕೆ. ತಂಗಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಪ್ರೀತಿ ಎಂದು ತಿಳಿದು, ತಿಳಿದದ್ದನ್ನು ಮನೆಯಲ್ಲಿ ಹೇಳಿ, ಇವರಿಬ್ಬರೂ ಆ ಗಾಳಿ ಬರುವ ಕೋಣೆಯಲ್ಲಿ ಕೂತು ತನ್ನ ಬಗ್ಗೆ ಒಳ್ಳೆಯ ಮಾತಾಡಿಕೊಂಡಿದ್ದರು. ತನಗೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರೀತಿಸುವುದನ್ನೂ ತಂಗಿ ತನಗಿಂತ ಸಲೀಸಾಗಿ ಮಾಡುತ್ತಾಳೆ. ಎದುರಿನವರಲ್ಲಿ ಇಲ್ಲದ ಪ್ರೀತಿಯನ್ನು ಕೂಡ ಕಂಡುಹಿಡಿದು ಮುಂದಿಡುತ್ತಾಳೆ. ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ್ದು ಆಗ. ಆ ನಿಶ್ಚಯದಲ್ಲಿ ಪಶ್ಚಾತ್ತಾಪ ಎಷ್ಟಿತ್ತೋ, ಆ ಒಳ್ಳೆಯ ಅಭಿಪ್ರಾಯವನ್ನು ಒಡೆದುಹಾಕುವ ಸಿಟ್ಟು ಎಷ್ಟಿತ್ತೋ, ಬಿಡಿಸಿ ನೋಡಲು ಹೋಗಲಿಲ್ಲ.

ಸಭೆಗೆ ಮುಂಚೆ ತಂಗಿ ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಬಿಳಿ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು, ಬೆಳಗ್ಗೆಗಿಂತ ತೆಳ್ಳಗೆ ಕಾಣುತ್ತಿದ್ದಳು. ಅಮ್ಮ ಏನಾದರೂ ತಿನ್ನಲು ಹೇಳಿದಳು ಎಂದು ಅಕ್ಕ ಮೊದಲು ಹೇಳಿದಳು. ಯಾಕೆ ಅದನ್ನು ಮೊದಲು ಹೇಳಿದೆನೋ ಎಂದುಕೊಂಡಳು. ಹಸಿವಿಲ್ಲ ಎಂದಳು ತಂಗಿ. ತಟ್ಟೆ ನೋಡಿದ್ಯಾ ಎಂದು ಕೇಳಿದಳು.

"ನೋಡಿದೆ. ಮೂಲೆ ಕುಂಡದಲ್ಲೂ ಇದೆ. ಬೇಕಾದಷ್ಟಿದೆ."

ತಂಗಿ ಸಾಬೂನನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು. "ಮತ್ತೆ ಹುಳ ಹೆಂಗೆ ದಪ್ಪಗಾಯ್ತು?"

"ಅಲ್ಲಿಗೆ ನನ್ನ ಕೈ ಎಟುಕಲ್ಲ. ಉಳಿದ ಗಿಡಗಳ ಎಲೆ ದಿನಾ ಮುಟ್ತಿದ್ದೆ."

ತಂಗಿಯ ಮುಖ ಒಮ್ಮೆಗೇ ಸಡಿಲವಾಯಿತು, ಇಷ್ಟೇನಾ ಎಂಬಂತೆ. "ಗೊತ್ತು ಕಣೇ ಅಕ್ಕ. ನಿನ್ನ ಉಗುರು ನೋಡಿದ್ರೆ ಗೊತ್ತಾಗಲ್ವಾ? ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಎಲ್ಲ ಮೇಜಿಗೂ ಕೈ ಆಡಿಸ್ತೀಯ, ಎರಡು ಕಡೆಗೂ ಸಮ ಆಗತ್ತೆ ಅಂತ ಸುಮ್ನಿದ್ದೆ."

"ಎಲ್ಲ ಮೇಜಿಗೂ ಅಲ್ಲ. ಕೆಂಪು ಚೀಟಿದಕ್ಕೆ ಮಾತ್ರ."

ನೀರು ಹರಿಯುತ್ತಿತ್ತು. ತಂಗಿ ನಲ್ಲಿಯನ್ನು ನಿಲ್ಲಿಸಲಿಲ್ಲ, ಕೈಯನ್ನೂ ಅದರ ಕೆಳಗಿಡಲಿಲ್ಲ. ಪಾಪ, ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡಳು, ಯಾವ ಅಂಕಿ ಉಳಿಯಿತು, ಯಾವುದು ಹೋಯಿತು ಎಂದು. ಆದರೆ ತಂಗಿ ಕೇಳಿದ್ದು ಅಂಕಿಯ ಬಗ್ಗೆ ಅಲ್ಲ.

"ಬಿಳಿ ಚೀಟಿದು ಯಾಕೆ ನೋಡ್ಲಿಲ್ಲ?"

ಅವಳು ಬಾಯಿ ತೆರೆದಳು. ಸಮಯವಿರಲಿಲ್ಲ ಎನ್ನಬಹುದಿತ್ತು. ಹೊಸ ಬ್ಯಾಕ್ಟೀರಿಯಾ ಗಿಡಕ್ಕೆ ತೊಂದರೆ ಕೊಡುತ್ತೋ ಏನೋ ಎಂಬ ಕಾಳಜಿಯಿಂದ ಎನ್ನಬಹುದಿತ್ತು, ಅದನ್ನು ತಂಗಿ ನಂಬಲು ಸಿದ್ಧಳಾಗಿಯೂ ಇದ್ದಳು, ಬಹುಶಃ ಅದಕ್ಕಾಗಿಯೇ ಕಾಯುತ್ತಿದ್ದಳು. ಅಷ್ಟು ಸಣ್ಣ ಸುಳ್ಳು. ಅದನ್ನು ಕೊಟ್ಟಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದರು.

"ಅದರಲ್ಲಿ ನೋಡೋಕೆ ಏನಿತ್ತು," ಎಂದಳು.

ತಂಗಿ ತಲೆಯಾಡಿಸಿದಳು. ನಿಧಾನವಾಗಿ ನಲ್ಲಿ ತಿರುಗಿಸಿ, ಸಾಬೂನನ್ನು ಅದರ ಜಾಗದಲ್ಲಿಟ್ಟು, ಕೈಯಲ್ಲಿನ ನೊರೆಯನ್ನು ತೊಳೆಯದೆ ಕೋಟಿಗೇ ಒರೆಸಿಕೊಂಡಳು. "ಅಂದ್ರೆ ಚೆನ್ನಾಗಿದೆಯಾ ಅಂತ ನೋಡೋಕೆ ಬರ್ತಿರ್ಲಿಲ್ಲ ನೀನು," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವೂ ಆಗಿರಲಿಲ್ಲ. ಎಷ್ಟೋ ವರ್ಷಗಳ ಬೇರೆ ಬೇರೆ ಸಂಗತಿಗಳನ್ನು ಒಂದೇ ಸಲ ಹೊಸ ಜಾಗಗಳಲ್ಲಿ ಇಟ್ಟು ನೋಡುತ್ತಿರುವವಳ ಕಣ್ಣು ಅದು. ಕಿಟಕಿಯ ಪಕ್ಕದ ಜಾಗವನ್ನೂ, ಬೇಕಾದ್ರೆ ತಗೋ ಎಂದದ್ದನ್ನೂ, ಹೆಗಲ ಮೇಲಿನ ಕೈಯನ್ನೂ. ಆಮೇಲೆ ಅವಳು ಸಭೆಯ ಕೋಣೆಗೆ ನಡೆದಳು. ಅಕ್ಕಾ ಬಾ ಎನ್ನಲಿಲ್ಲ.

ಅವಳು ಹಿಂದಿನ ಸಾಲಿನ ನಡುವೆ, ಮೊಣಕಾಲುಗಳನ್ನು ದಾಟಿಕೊಂಡು ಹೋಗಿ ಕೂತಳು. ಪರದೆಯ ಮೇಲೆ ದಪ್ಪ ಹುಳ, ಪಕ್ಕದಲ್ಲಿ ಸೊರಗಿದ ಹುಳ. ಕೋಣೆಯಲ್ಲಿ ಮೆಚ್ಚುಗೆಯ ಒಂದು ಗುಜುಗುಜು ಹರಿದುಹೋಯಿತು, ಮುಖ್ಯಸ್ಥರು ಆಗಲೇ ತಲೆದೂಗುತ್ತಿದ್ದರು. ತಂಗಿ ಅಂಕಿಗಳನ್ನು ಯಾವ ಅವಸರವೂ ಇಲ್ಲದೆ ಹೇಳಿ ಮುಗಿಸಿದಳು. ನಿಜವನ್ನು ಹೇಳುವುದಿಲ್ಲ, ನುಂಗಿಕೊಂಡಳು ಎಂದು ಅವಳಿಗೆ ಅನ್ನಿಸಿತು, ಹಾಗನ್ನಿಸಿದೊಡನೆ ತಂಗಿಯೂ ತನ್ನ ಹಾಗೇ ಎಂದು ಒಂದು ಕ್ಷಣ ಅವಳ ಮೇಲೆ ಅಕ್ಕರೆ ಉಕ್ಕಿತು. ಆ ಕ್ಷಣ ಪೂರ್ತಿಯಾಗುವ ಮುಂಚೆ ತಂಗಿ ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು.

"ಇದನ್ನ ನಂಬೋ ಹಾಗಿಲ್ಲ ಸರ್. ಕೆಂಪು ಚೀಟಿ ಗಿಡಗಳ ಎಲೆ ದಿನಾ ಬೆಳಿಗ್ಗೆ ಮುಟ್ಟಿ ನೋಡ್ತಿದ್ದೆ. ಬಿಳಿ ಚೀಟಿದು ಮುಟ್ಟಲಿಲ್ಲ. ಹುಳ ಸೊರಗಿದ್ದು ಅದಕ್ಕೆ, ಬ್ಯಾಕ್ಟೀರಿಯಾಕ್ಕಲ್ಲ. ತಪ್ಪು ನನ್ನದೇ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬೈಯಲಿ ಎಂದು ಅವಳು ಉಸಿರು ಹಿಡಿದು ಬೇಡಿಕೊಂಡಳು. ಯಾರು ಯಾರಿಗೆ ಬೈಯಬೇಕೆಂದು ಬೇಡುತ್ತಿದ್ದೇನೆ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ಗೆದ್ದದ್ದನ್ನು ಎದ್ದು ನಿಂತು ತಾವೇ ಅಳಿಸಿಹಾಕುವವರನ್ನು ತಾನು ಇಲ್ಲಿ ನೋಡಿಲ್ಲ ಎಂದರು ಮುಖ್ಯಸ್ಥರು. ಆಮೇಲೆ ಪರದೆಯ ಕಡೆ ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಬರಿಯ ಸ್ಪರ್ಶಕ್ಕೆ ಇಷ್ಟಾ, ಎಂದರು. ಹಾಗಾದರೆ ಹೊಲದಲ್ಲಿ ಅದನ್ನೇ ನೋಡೋಣ, ಒಂದು ಸಾಲು ಮುಟ್ಟಿ, ಒಂದು ಸಾಲು ಬಿಟ್ಟು, ಈ ಹುಡುಗಿಯೇ ಮಾಡಲಿ. ಸುತ್ತ ಕೂತವರು ಒಬ್ಬೊಬ್ಬರಾಗಿ ಸರಿ ಎನ್ನುವ ಸದ್ದು ಮಾಡಿದರು. ತಂಗಿ ಮಾಡಿದ್ದು ಕರುಣೆಯೋ, ಶಿಕ್ಷೆಯೋ, ಎರಡೂ ಅಲ್ಲದ ಬರಿಯ ದಣಿವೋ, ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು. ಈ ಲ್ಯಾಬಿನಲ್ಲಿ, ಆ ಎರಡು ಕೋಣೆಗಳ ಮನೆಯಲ್ಲಿ, ಪೂರ್ತಿ ತನ್ನದೇ ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಒಂದೇ ಒಂದು ಉಳಿದಿತ್ತು, ಈ ತಪ್ಪು. ತಂಗಿ ತೋಳು ಹಿಡಿದು ಅಲುಗಿಸಿ ಕೇಳದೆಯೇ ಅದನ್ನೂ ತೆಗೆದುಕೊಂಡಿದ್ದಳು.

ಅವಳು ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು.

"ಮುಟ್ಟಿದ್ದು ಅವಳಲ್ಲ, ನಾನು."

ಎಲ್ಲರೂ ತಿರುಗಿ ನೋಡಿದರು. ಆಮೇಲೆ ನಗು ಹರಡಿತು, ಮೆಲ್ಲಗೆ, ಕಣ್ಣಲ್ಲಿ ನೀರು ತುಂಬಿಕೊಂಡವರ ನಗು. ಮುಂದಿನ ಸಾಲಿನ ಹೆಂಗಸೊಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಕ್ಕ ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪಾ," ಎಂದ ಹುಳದಪ್ಪ, ಕರವಸ್ತ್ರ ಹುಡುಕುತ್ತ. ತಪ್ಪನ್ನು ಇಬ್ಬರೂ ಹಂಚಿಕೊಳ್ಳುವುದು ಬೇಡ, ನಿಮ್ಮ ಮನಸ್ಸು ನಮಗೆ ಅರ್ಥವಾಗುತ್ತದೆ ಎಂದರು ಮುಖ್ಯಸ್ಥರು. ಇಲ್ಲ, ನಿಜವಾಗಿಯೂ ನಾನೇ, ದಿನಾ ಬೆಳಿಗ್ಗೆ ನಾನೇ ಎಂದು ಅವಳು ಹೇಳುತ್ತಿದ್ದಳು. ಹೇಳುತ್ತಿರುವಂತೆಯೇ ತನ್ನ ದನಿ ತನಗೇ ಕೇಳಿಸಿತು. ಅದರಲ್ಲಿ ತಪ್ಪೊಪ್ಪಿಗೆಯ ಭಾರವಿರಲಿಲ್ಲ. ತನ್ನ ಕೈಯಿಂದ ಏನನ್ನೋ ಕಿತ್ತುಕೊಂಡರೆಂದು ಮೊಂಡು ಹಿಡಿದ ಮಗುವಿನ ದನಿಯಾಗಿತ್ತು ಅದು, ಎಷ್ಟು ಎತ್ತರಿಸಿದರೆ ಅಷ್ಟು ಹೆಚ್ಚು ಪ್ರೀತಿಯ ಹಾಗೆ ಕೇಳಿಸುತ್ತಿತ್ತು.

ತಂಗಿ ಪರದೆಯ ಕಡೆ ತಿರುಗಿ ಮುಂದಿನ ಚಿತ್ರವನ್ನು ಹುಡುಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಕೂತ್ಕೋ ಅಕ್ಕ," ಎಂದಳು.

ಪಕ್ಕದವರು ಅವಳ ಮೊಣಕೈ ಹಿಡಿದು ಮೆಲ್ಲಗೆ ಕೂರಿಸಿಕೊಂಡರು. ಹಿಂದಿನ ಸಾಲಿನವರೆಲ್ಲ ತುಸು ತುಸು ಸರಿದು ಅವಳಿಗೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟರು.